ಪುಟ್ಟಿಗೆ, ಆ ಸಣ್ಣಕ್ಷರದ ಸಾಲಿನ ಬಗ್ಗೆ

ಪುಟ್ಟೀ,

ಚಳಿ, ಬಾಡಿಗೆ, ರೂಮಿನ ಜೊತೆಗಾತಿ, ಎಲ್ಲಾ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದೆಲ್ಲ ಇರಲಿ. ನಿನ್ನ ಪತ್ರದ ಎರಡನೇ ಪುಟದ ತುದಿಯಲ್ಲಿ, ಬರೆಯಲೋ ಬೇಡವೋ ಅನ್ನೋ ಹಾಗೆ ಬರೆದಿದ್ದೀಯಲ್ಲ: "ಈ ಮಸೂದೆ ಬೇಡ ಅಂತ ನಾನೇ ಟಿಪ್ಪಣಿ ಬರೆದುಕೊಟ್ಟೆ. ಈಗ ಪೂರ್ತಿ ಓದಿದರೆ ಬೇಕು ಅನ್ನಿಸುತ್ತಿದೆ. ಹೇಳಿದರೆ ಎಡಬಿಡಂಗಿ ಅಂದುಕೊಳ್ಳುತ್ತಾರೆ." ಆ ಸಾಲು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೀನು ಕೆಲಸಕ್ಕೆ ದಿನಾ ಹೋಗುವ ಇಲಿನಾಯ್ ರಾಜ್ಯದ ಶಾಸನಸಭೆಯ ಆವರಣದಲ್ಲಿ ಒಂದು ಕಂಚಿನ ಪ್ರತಿಮೆ ಇದೆ, ಕಾಲಬುಡದಲ್ಲಿ ಆನೆ, ಕತ್ತೆ: ರಿಪಬ್ಲಿಕನ್ನರ ಗುರುತು ಆನೆ, ಡೆಮಾಕ್ರಟರದು ಕತ್ತೆ. ಅವನೇ ಎವರೆಟ್ ಡರ್ಕ್‌ಸನ್. ಇಲಿನಾಯ್‌ನ ಪೀಕಿನ್ ಅನ್ನೋ ಊರಿನವನು, ಹುಟ್ಟಿದ್ದು 1896. ಹದಿನಾರು ವರ್ಷ ಅಮೆರಿಕದ ಸಂಸತ್ತಿನ ಕೆಳಮನೆ, 1951ರಿಂದ 1969ರಲ್ಲಿ ಸಾಯುವ ತನಕ ಮೇಲ್ಮನೆಯಾದ ಸೆನೆಟ್, ಅದರಲ್ಲಿ ಕೊನೆಯ ಹತ್ತು ವರ್ಷ ರಿಪಬ್ಲಿಕನ್ನರ ನಾಯಕ. ನಿಮ್ಮ ಆಫೀಸಿನ ಯಜಮಾನರ ಹಾಗೇ ಸಂಪ್ರದಾಯವಾದಿ. ಶಾಲೆಗಳಲ್ಲಿ ಪ್ರಾರ್ಥನೆಗೆ ಸಂವಿಧಾನ ತಿದ್ದಬೇಕು ಅಂತ ಹಟ ಹಿಡಿದವನು. ಮಾತು ಬದಲಿಸುವುದರಲ್ಲಂತೂ ಹೆಸರುವಾಸಿ. 1952ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಮಾವೇಶದಲ್ಲಿ ಟಾಫ್ಟ್ ಪರ ನಿಂತು, ಎದುರಾಳಿ ಐಸೆನ್‌ಹೋವರ್ ಕಡೆಯವರ ಮುಖಕ್ಕೇ ಬೆರಳು ತೋರಿಸಿ ಗದರಿದ. ಕೆಲವೇ ವರ್ಷದಲ್ಲಿ ಸೆನೆಟ್‌ನಲ್ಲಿ, ಅಧ್ಯಕ್ಷನಾಗಿದ್ದ ಅದೇ ಐಸೆನ್‌ಹೋವರ್‌ನ ನೆಚ್ಚಿನ ಆಳಾಗಿದ್ದ.

ತರಗತಿಯಲ್ಲಿ ನಾನು ವರ್ಷಗಟ್ಟಲೆ "ಡರ್ಕ್‌ಸನ್ ಬೆಂಬಲ ಕೊಟ್ಟ, 1964ರ ನಾಗರಿಕ ಹಕ್ಕು ಮಸೂದೆ ಪಾಸಾಯಿತು" ಅಂತ ಒಂದೇ ಉಸಿರಿಗೆ ಮುಗಿಸಿಬಿಟ್ಟೆ. ಅದಕ್ಕೆ ಈಗ ಹೊಟ್ಟೆ ಉರಿಯುತ್ತದೆ. ಇವತ್ತು ನಿನಗೆ ಬೇಕಾದದ್ದೆಲ್ಲ ಇದ್ದದ್ದು ಆ "ಕೊಟ್ಟ" ಅನ್ನೋ ಪದದ ಒಳಗೇ.

ನೋಡು. 1963ರಲ್ಲಿ ಅಧ್ಯಕ್ಷ ಕೆನಡಿ ಈ ಮಸೂದೆ ತಂದಾಗ ಡರ್ಕ್‌ಸನ್ ಮಿಕ್ಕದ್ದಕ್ಕೆ ಹೂಂ ಅಂದ, ಎರಡನೇ ಅಧ್ಯಾಯಕ್ಕೆ ಮಾತ್ರ ಒಲ್ಲೆ ಅಂದ. ಹೋಟೆಲು, ಊಟದ ಅಂಗಡಿಗಳಲ್ಲಿ ಯಾರನ್ನೂ ಬಣ್ಣ ನೋಡಿ ಹೊರಗಿಡಬಾರದು ಅನ್ನೋ ಅಧ್ಯಾಯ ಅದು. ಕೆಳಮನೆಯಿಂದ ಮಸೂದೆ 1964ರ ಫೆಬ್ರವರಿ 10ರಂದು 290ಕ್ಕೆ 130 ಮತದಲ್ಲಿ ಬರುವ ಹೊತ್ತಿಗೆ ಉದ್ಯೋಗದ ಏಳನೇ ಅಧ್ಯಾಯವೂ ಗಟ್ಟಿಯಾಗಿತ್ತು. ಅದೂ ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಸೆನೆಟ್‌ನಲ್ಲಿ ಆಗ ಚರ್ಚೆ ನಿಲ್ಲಿಸಲು ಮತ ಹಾಕುವವರಲ್ಲಿ ಮೂರನೇ ಎರಡು ಭಾಗ ಬೇಕಿತ್ತು, ನೂರೂ ಜನ ಬಂದರೆ 67. ಡೆಮಾಕ್ರಟರೇ 67 ಜನ ಇದ್ದರು, ಆದರೆ ಅವರಲ್ಲಿ ದಕ್ಷಿಣದವರು ತಮ್ಮ ಮುಂದಾಳು ರಿಚರ್ಡ್ ರಸೆಲ್ ಹಿಂದೆ ನಿಂತು ಮಾತಾಡಿ ಮಾತಾಡಿಯೇ ಮಸೂದೆಯನ್ನು ಸಾಯಿಸಲು ಹೊರಟಿದ್ದರು. ಡರ್ಕ್‌ಸನ್‌ನ 33 ಜನರಲ್ಲಿ ಹೆಚ್ಚಿನವರು ಬರದೆ ಗತಿಯಿರಲಿಲ್ಲ.

ಅವನು ಎದ್ದುನಿಂತು "ಮನಸ್ಸು ಬದಲಾಯಿತು" ಅನ್ನಲಿಲ್ಲ ಕಣೇ. ಏಪ್ರಿಲ್‌ನಲ್ಲಿ ಏಳನೇ ಅಧ್ಯಾಯಕ್ಕೆ ಸುಮಾರು ನಲವತ್ತು ತಿದ್ದುಪಡಿ ಬರೆದು ಮೊದಲು ತನ್ನ ಪಕ್ಷದವರ ಮುಂದೆ ಇಟ್ಟ. ಅವರಲ್ಲೇ ಹಲವರು ಮುಖ ಸಿಂಡರಿಸಿದರು, ಪಟ್ಟಿ ಇಳಿಯಿತು. ಮೇ 5ರಿಂದ ಅವನ ಕೋಣೆಯಲ್ಲೇ ಮಸೂದೆಯ ಪರ ಡೆಮಾಕ್ರಟರ ಮುಂದಾಳು ಹಂಫ್ರಿ, ಕೇಂದ್ರ ಸರ್ಕಾರದ ಮುಖ್ಯ ವಕೀಲ ಅಂದರೆ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಕೆನಡಿ, ಎರಡೂ ಕಡೆಯ ವಕೀಲರು ಕೂತು ಮಸೂದೆಯನ್ನು ಸಾಲು ಸಾಲಾಗಿ ಬಿಡಿಸಿದರು. ಮೇ 13ಕ್ಕೆ ಒಪ್ಪಂದ, 26ಕ್ಕೆ ಬದಲಿ ಮಸೂದೆ ಸದನದಲ್ಲಿ.

ಬದಲಾದದ್ದೇನು ಅಂತ ಕೇಳು, ನಿನ್ನ ಕೆಲಸಕ್ಕೆ ಹತ್ತಿರದ್ದು ಇದೇ. ಇಲಿನಾಯ್‌ನಲ್ಲಿ 1961ರಿಂದಲೇ ಉದ್ಯೋಗ ತಾರತಮ್ಯದ ವಿರುದ್ಧ ಕಾನೂನಿತ್ತು. ಅದರ ಮೇಲೆ ದಿಲ್ಲಿ ದರ್ಬಾರಿನ ಥರ ವಾಷಿಂಗ್ಟನ್ ಬಂದು ಕೂರಬಾರದು ಅನ್ನೋದು ಅವನ ತಕರಾರು. ಹಾಗಾಗಿ ಅಂಥ ಕಾನೂನಿರುವ ರಾಜ್ಯದಲ್ಲಿ ದೂರು ಮೊದಲು ರಾಜ್ಯದ ಸಂಸ್ಥೆಗೇ ಹೋಗಬೇಕು, ಅವರಿಗೆ 60 ದಿನ ಬಿಡಬೇಕು, ರಾಜ್ಯದ ಕಾನೂನು ಹೊಸದಾದರೆ ಮೊದಲ ವರ್ಷ 120 ದಿನ. ಇಂಥ ದೂರು ಕೇಳಲು ಮಸೂದೆ ಹುಟ್ಟಿಸಿದ ಕೇಂದ್ರದ ಆಯೋಗ ರಾಜಿ ಮಾಡಿಸಬಹುದು, ತಾನೇ ಕೋರ್ಟಿಗೆ ಹೋಗುವಂತಿಲ್ಲ. ಎರಡನೇ, ಏಳನೇ ಅಧ್ಯಾಯಗಳಲ್ಲಿ ಅಟಾರ್ನಿ ಜನರಲ್ ತಾನಾಗಿ ದಾವೆ ಹೂಡಬೇಕಾದರೆ ತಾರತಮ್ಯ ಅಲ್ಲಿ ರೂಢಿಯಾಗಿಯೇ ನಡೆದಿರಬೇಕು, ಬಿಡಿ ಪ್ರಕರಣ ಸಾಲದು. ಬೆಲೆ ಕೊಡದೆ ಸಿಕ್ಕಿದ್ದಲ್ಲ ಇದು. ಆಯೋಗಕ್ಕೆ ಹಲ್ಲು ಬಂದದ್ದು 1972ರಲ್ಲಿ. ಆ ಎಂಟು ವರ್ಷ ಕೆಲಸ ಕಳೆದುಕೊಂಡವರು ತಮ್ಮ ವಕೀಲರನ್ನು ತಾವೇ ಹುಡುಕಿಕೊಳ್ಳಬೇಕಾಯಿತು.

ಎಡವಟ್ಟೂ ಆಯಿತು. ಎದುರಿನವರ ಜೊತೆ ಅಷ್ಟು ದಿನ ಕೂತವನ ಮೇಲೆ ತನ್ನ ಬೆಂಚಿನವರೇ ಮುನಿಸಿಕೊಂಡರು. ಅಯೋವಾದ ಹಿಕನ್‌ಲೂಪರ್ ಜೂನ್ ಮೊದಲ ವಾರದಲ್ಲಿ ತನ್ನ ಗುಂಪು ಕಟ್ಟಿಕೊಂಡು ಸಿಡಿದ. ಮೂರು ತಿದ್ದುಪಡಿ ಮತಕ್ಕೆ ಹಾಕಲು ಬಿಟ್ಟ ಮೇಲೇ ಸಮಾಧಾನವಾದದ್ದು. ನಿಮ್ಮ ಆಫೀಸಿನಲ್ಲಿ ನಿನ್ನ ಟಿಪ್ಪಣಿ ನಂಬಿ ಫೋನು ತಿರುಗಿಸಿದವರು ಯಾರೋ ಇದ್ದಾರಲ್ಲ, ಅವರಿಗೆ ಮೊದಲು ಹೇಳು. ಹೇಳಿಕೊಡುತ್ತಿದ್ದೇನೆ ಅಂದುಕೊಳ್ಳಬೇಡ, ಹೊಳೆಯಿತು, ಬರೆದೆ.

ಜೂನ್ 10ರಂದು ಚರ್ಚೆ ನಿಲ್ಲಿಸಲು ಮತ. 71ಕ್ಕೆ 29. ಮೆದುಳಿನ ಗೆಡ್ಡೆಯಿಂದ ಮಾತು ಹೋಗಿದ್ದ ಕ್ಯಾಲಿಫೋರ್ನಿಯಾದ ಎಂಗಲ್‌ನನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಅವನು ತನ್ನ ಕಣ್ಣಿಗೆ ಬೆರಳು ತೋರಿಸಿ ಹೌದು ಅಂದ, ಇಂಗ್ಲಿಷಿನಲ್ಲಿ ಕಣ್ಣು ಅಂದರೂ ಸಮ್ಮತಿ ಅಂದರೂ "ಐ" ತಾನೇ. 67ನೇ ಮತ ಡೆಲಾವೇರ್‌ನ ವಿಲಿಯಮ್ಸ್‌ನದು, ರಿಪಬ್ಲಿಕನ್. ಡರ್ಕ್‌ಸನ್‌ನ 33ರಲ್ಲಿ 27 ಜನ ಬಂದರು.

ಮುಂದಿನ ತಿಂಗಳೇ ಅದೇ ಡರ್ಕ್‌ಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡ್‌ವಾಟರ್ ಹೆಸರನ್ನು ಅಧ್ಯಕ್ಷ ಸ್ಥಾನಕ್ಕೆ ಸೂಚಿಸಿದ. ಆ ಮಸೂದೆಗೆ ಇಲ್ಲ ಅಂದ ಆರು ರಿಪಬ್ಲಿಕನ್ನರಲ್ಲಿ ಗೋಲ್ಡ್‌ವಾಟರ್ ಒಬ್ಬ. ಎಡಬಿಡಂಗಿ ಅಂದರೆ ಇದಕ್ಕೆ ಅನ್ನಬೇಕು, ನಿನಗಲ್ಲ!

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಬದಲಿಸಿದ್ದೆಲ್ಲ ಅವನಿಗೆ ಶೋಭೆ ತಂದಿತು ಅಂತೇನೂ ಇಲ್ಲ. 1966ರಲ್ಲಿ, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಅನ್ನೋ ಮಸೂದೆ ಸಂವಿಧಾನಕ್ಕೇ ವಿರುದ್ಧ ಅಂದ, ಅದು ಸತ್ತಿತು. 1968ರಲ್ಲಿ ತಾನೇ ರಾಜಿ ಸೂತ್ರ ತಂದ, ನಾಲ್ಕನೇ ಪ್ರಯತ್ನದಲ್ಲಿ, ಮಾರ್ಚ್ 4ರಂದು, 65ಕ್ಕೆ 32ರಲ್ಲಿ ಚರ್ಚೆ ನಿಂತಿತು. ಎರಡು ವರ್ಷದಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಹಾಗೆ ಸಂವಿಧಾನದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಆಗ ಜನ ನಕ್ಕರೆ ತಪ್ಪು ಹೇಳಲಾರೆ: ಮೊದಲ ಸಲ ಅಷ್ಟು ದೊಡ್ಡ ಮಾತು ಬಳಸಬಾರದಿತ್ತು. ನಿನ್ನ ಟಿಪ್ಪಣಿಯಲ್ಲಿ ಅಂಥ ಪದ ಏನಾದರೂ ಇದೆಯಾ? ಇದ್ದರೆ ಆ ಪದವನ್ನೇ ಮೊದಲು ಹಿಂತೆಗೆದುಕೋ.

ಬದಲಿಸದೆ ಕೆಟ್ಟದ್ದೂ ಉಂಟು. 1954ರಲ್ಲಿ, ಕಂಡಕಂಡವರಿಗೆ ಕಮ್ಯುನಿಸ್ಟ್ ಹಣೆಪಟ್ಟಿ ಹಚ್ಚುತ್ತಿದ್ದ ಸೆನೆಟರ್ ಮೆಕಾರ್ಥಿಯನ್ನು ಖಂಡಿಸುವ ನಿರ್ಣಯ 67ಕ್ಕೆ 22ರಲ್ಲಿ ಗೆದ್ದಾಗ ಡರ್ಕ್‌ಸನ್ ಆ 22ರಲ್ಲಿದ್ದ. ಸ್ನೇಹಕ್ಕೆ ಕಟ್ಟುಬಿದ್ದ. ನನಗೆ ಅವನ ಮೇಲೆ ಬೇಸರ ಇರುವುದು ಅದೊಂದಕ್ಕೇ. ಸುಮ್ಮನಿದ್ದು ಕಳೆದ ಮೀಟಿಂಗುಗಳು ನನಗೂ ಇವೆ, ಬಿಡು.

ಇನ್ನೊಂದು ಬೇಗ ಹೇಳಿಬಿಡುತ್ತೇನೆ. 1963ರಲ್ಲಿ ಅಣುಪರೀಕ್ಷೆ ನಿಷೇಧದ ಒಪ್ಪಂದದ ಬಗ್ಗೆ ಅವನಿಗೆ ಅನುಮಾನವಿತ್ತು. ಸೆನೆಟ್‌ನ ಡೆಮಾಕ್ರಟರ ನಾಯಕ ಮ್ಯಾನ್ಸ್‌ಫೀಲ್ಡ್ ಜೊತೆ ಕೆನಡಿಯ ಬಳಿ ಹೋಗಿ, ಅನುಮಾನಗಳಿಗೆಲ್ಲ ಲಿಖಿತ ಭರವಸೆ ಕೇಳಿದ. ಸೆಪ್ಟೆಂಬರ್ 11ರಂದು ಆ ಪತ್ರವನ್ನು ಸದನದಲ್ಲಿ ಓದಿ ಒಪ್ಪಿಗೆ ಸೂಚಿಸಿದ. 80ಕ್ಕೆ 19ರಲ್ಲಿ ಒಪ್ಪಂದ ಗೆದ್ದಿತು. ನೀನೂ ಹೀಗೆ ಒಂದು ಹಾಳೆ ಮಾಡಬಹುದೇನೋ: ಎಡಗಡೆ ಕಲಂ ಸಂಖ್ಯೆ, ನಡುವೆ ಆಗ ನೀನು ಬರೆದ ಆಕ್ಷೇಪ ಇದ್ದ ಹಾಗೇ, ಬಲಗಡೆ ಈಗ ಯಾವ ಪದ ಓದಿದ್ದರಿಂದ ಅದು ಬಿದ್ದುಹೋಯಿತು ಅನ್ನೋದು. ಬಲಗಡೆ ಖಾಲಿ ಉಳಿದ ಕಲಂಗೆ ಹಳೆಯ ಮಾತೇ ಇರಲಿ. ಹಳೆಯ ಟಿಪ್ಪಣಿ ಅಳಿಸಬೇಡ, ತಾರೀಖು ಹಾಕಿ ಇಡು. ಮತಕ್ಕೆ ಹಿಂದಿನ ದಿನ ಕೊಡಬೇಡ, ವಾರ ಮೊದಲೇ ಕೊಡು. ಇಷ್ಟು ದೂರದಲ್ಲಿ ಕೂತು ಹೇಳುವುದು ಸುಲಭ, ಗೊತ್ತು.

ಅವನು ಒಮ್ಮೆಯೂ ಮಾತು ಬದಲಿಸದ ವಿಷಯ ಒಂದಿತ್ತು, ನಗಬೇಡ, ಚೆಂಡುಹೂವು. ಅದನ್ನು ರಾಷ್ಟ್ರೀಯ ಪುಷ್ಪ ಮಾಡಿ ಅಂತ ವರ್ಷ ವರ್ಷವೂ ಕೇಳಿದ. 1986ರಲ್ಲಿ ಗುಲಾಬಿ ಆಯಿತು.

ಆ ಮಸೂದೆಯ ಪ್ರತಿ ಕಳಿಸು, ನಿನಗೆ ಮನಸ್ಸು ತಿರುಗಿದ ಪುಟಕ್ಕೆ ಗುರುತು ಹಾಕಿ. ಅಕ್ಷರ ದೊಡ್ಡದು ಮಾಡಿ ಕಳಿಸು, ಕನ್ನಡಕ ಬದಲಿಸಬೇಕು ಅಂತ ಡಾಕ್ಟರು ಹೇಳಿ ಆರು ತಿಂಗಳಾಯಿತು.

ನಿನ್ನ
ಅತ್ತೆ