ಶತ್ರುವಿಗೆ ಕೊಟ್ಟ ರಹದಾರಿ

ಪ್ರೀತಿಯ ಗೆಳೆಯಾ,

ಎರಡನೇ ಮಹಾಯುದ್ಧದ ಕಾಲದ ಕರಪತ್ರಗಳನ್ನು ಅಮೆರಿಕದ ಸೈನ್ಯದಲ್ಲಿದ್ದ ಆ ಯಹೂದಿ ಸೈನಿಕರು ಅಷ್ಟು ವರ್ಷ ಯಾಕೆ ಜೋಪಾನ ಮಾಡಿದರು, ಅವು ಸುಮ್ನೆ ಪ್ರಚಾರದ ಕಾಗದ ಅಲ್ವಾ ಎಂದು ನೀನು ಕೇಳಿದ್ದೆ. ಆ ಮಾತು ನನ್ನನ್ನು ಬಿಟ್ಟಿಲ್ಲ.

ಹಿಟ್ಲರನ ಕಾಲಕ್ಕೆ ಜರ್ಮನಿ, ಆಸ್ಟ್ರಿಯಾಗಳಿಂದ ಪಾರಾಗಿ ಅಮೆರಿಕ ಸೇರಿದ ಹುಡುಗರು ಅವರು. ಎಷ್ಟೋ ಮಂದಿ ಅಪ್ಪ ಅಮ್ಮನನ್ನು ಅಲ್ಲೇ ಬಿಟ್ಟು ಬಂದಿದ್ದರು. ಅಮೆರಿಕ ಯುದ್ಧಕ್ಕೆ ಇಳಿದಾಗ ಇವರನ್ನೂ ಶತ್ರುದೇಶದವರು ಎಂದೇ ಎಣಿಸಿತು. ಆದರೆ ಜರ್ಮನ್ ಇವರ ಮನೆಮಾತು. ಸೈನ್ಯಕ್ಕೆ ಬೇಕಾಗಿದ್ದೂ ಅದೇ. 1942ರಲ್ಲಿ ಮೇರಿಲ್ಯಾಂಡಿನ ಕ್ಯಾಂಪ್ ರಿಚಿಯಲ್ಲಿ ಶುರುವಾದ ಗುಪ್ತಚರ ಶಿಬಿರದಲ್ಲಿ ಇಂಥ ಸುಮಾರು 2,000 ಮಂದಿ ಕಲಿತರು. ಕೈದಿಗಳ ವಿಚಾರಣೆ, ಧ್ವನಿವರ್ಧಕದಲ್ಲಿ ಮಾತು, ಕರಪತ್ರದ ಬರಹ. ಮುಂದೆ ಕಾದಂಬರಿಕಾರನಾದ ಸ್ಟೆಫಾನ್ ಹೈಮ್ ಕೂಡ ಅಲ್ಲಿಂದಲೇ ಹೋದವನು.

ನಾನು ಮತ್ತೆ ಮತ್ತೆ ನೋಡುವುದು ಒಂದೇ ಚೀಟಿಯನ್ನು. ಅದರ ಹೆಸರು ಪಾಸಿಯರ್‌ಶೈನ್, ಅಂದರೆ ರಹದಾರಿ. ಜರ್ಮನ್ ಸೈನಿಕರ ಮೇಲೆ ಇದನ್ನು ವಿಮಾನದಿಂದ ಸುರಿದರು, ಫಿರಂಗಿ ಗುಂಡುಗಳಲ್ಲಿ ತುಂಬಿ ಹಾರಿಸಿದರು. ನೋಡಲು ಸರ್ಕಾರಿ ದಸ್ತಾವೇಜಿನ ಹಾಗೆ. ಮೇಲೆ ಮುದ್ರೆ, ಕೆಳಗೆ ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್ ಸಹಿ. ಇದನ್ನು ತೋರಿಸುವ ಜರ್ಮನ್ ಸೈನಿಕನ ಆಯುಧ ತೆಗೆದುಕೊಳ್ಳಬೇಕು, ಅವನನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಊಟ ಕೊಡಬೇಕು, ಬೇಕಾದರೆ ಚಿಕಿತ್ಸೆ ಕೊಡಬೇಕು, ಆದಷ್ಟು ಬೇಗ ಅಪಾಯದ ಜಾಗದಿಂದ ದೂರ ಒಯ್ಯಬೇಕು. ಬರೆದಿರುವುದು ಇಷ್ಟೇ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಕಾಗದ ಇಟ್ಟು ನೋಡು. 1938ರಿಂದ ಜರ್ಮನಿ ಯಹೂದಿಗಳ ಪಾಸ್‌ಪೋರ್ಟಿನ ಮೇಲೆ, ಯಹೂದಿ ಎಂದು ಗುರುತಿಸಲು, ಕೆಂಪು 'ಜೆ' ಅಕ್ಷರ ಒತ್ತುತ್ತಿತ್ತು. ಆ ಅಕ್ಷರ ಹೊತ್ತುಕೊಂಡು, ವೀಸಾಕ್ಕಾಗಿ ಬಾಗಿಲು ಬಾಗಿಲು ತಟ್ಟಿದ ಮನೆಗಳ ಹುಡುಗರೇ ಆಮೇಲೆ ರಹದಾರಿ ಹಿಡಿದು ಬಂದ ಜರ್ಮನ್ ಸೈನಿಕರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದರು. ಅವರದೇ ನುಡಿಯಲ್ಲಿ. ಈ ಸಂಗತಿ ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಪ್ರಚಾರವೇ, ನೀನು ಹೇಳಿದ್ದು ನಿಜ. ಎದುರಾಳಿ ಬಂದೂಕು ಕೆಳಗಿಡಲಿ ಅನ್ನುವುದೇ ಉದ್ದೇಶ. ಆದರೂ ಶರಣಾದವನನ್ನು ಕೊಲ್ಲುವುದಿಲ್ಲ ಎಂಬ ಮಾತು ಅದರಲ್ಲಿದೆ. ಆ ಮಾತು ಈ ಯಹೂದಿ ಹುಡುಗರಿಗೆ ಸಿಗಲಿಲ್ಲ. 1944ರ ಡಿಸೆಂಬರಿನಲ್ಲಿ ಜರ್ಮನಿಯ ಬ್ಲೈಆಲ್ಫ್ ಊರಿನ ಹತ್ತಿರ ಇವರಲ್ಲಿ ಇಬ್ಬರು ಸೆರೆಸಿಕ್ಕರು. ಜರ್ಮನಿಯಿಂದ ಹೋದ ಯಹೂದಿಗಳು ಎಂದು ಗೊತ್ತಾದ ಮೇಲೆ ಒಬ್ಬ ಜರ್ಮನ್ ಕ್ಯಾಪ್ಟನ್ ಇಬ್ಬರನ್ನೂ ಗುಂಡಿಟ್ಟು ಕೊಲ್ಲಿಸಿದ.

ಊರಿಗೆ ಬಂದಾಗ ಆ ಚೀಟಿಯ ಚಿತ್ರ ತೋರಿಸುತ್ತೇನೆ. ಆ ಸಾಲುಗಳನ್ನು ಇಬ್ಬರೂ ಕೂತು ಓದೋಣ.

ನಿನ್ನ ಗೆಳೆಯ