ಸ್ಲಾಟ್ ಟ್ರ್ಯಾಕ್‌ನಲ್ಲಿ ಬೈಕ್‌ಗಳೂ ಇವೆ

ಮಾನ್ಯರೆ,

ಸೀಳಿರುವ ಹಳಿಯ ಮೇಲೆ ವಿದ್ಯುತ್ ಚಾಲಿತ ಪುಟ್ಟ ಮಾದರಿ ಗಾಡಿಗಳನ್ನು ಓಡಿಸುವ ಸ್ಲಾಟ್ ರೇಸಿಂಗ್ ಹವ್ಯಾಸದ ಕುರಿತು ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಬರಹವು ಕಾರುಗಳಿಗಷ್ಟೇ ಸೀಮಿತವಾಗಿದೆ. 1957ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಸ್ಲಾಟ್ ರೇಸಿಂಗ್ ಬ್ರ್ಯಾಂಡ್ ಸ್ಕೇಲೆಕ್ಸ್‌ಟ್ರಿಕ್, 1960ರ ದಶಕದಲ್ಲೇ ಸೈಡ್‌ಕಾರ್ ಸಹಿತವಾದ ರೇಸಿಂಗ್ ಬೈಕ್‌ಗಳನ್ನೂ ತಯಾರಿಸಿತ್ತು. ಮೂರನೆಯ ಚಕ್ರವಿದ್ದರೆ ಮಾದರಿ ತಾನಾಗಿ ನಿಲ್ಲುತ್ತದೆ; ಒಂಟಿ ಬೈಕನ್ನು ಕೈಯಾರೆ ಕಟ್ಟುವವರಿಗೆ ಆ ಅನುಕೂಲವಿಲ್ಲ.

ಗಾಡಿಯ ಮುಂಭಾಗದ ಅಡಿಯಲ್ಲಿರುವ ಗೈಡ್ ಎಂಬ ಪುಟ್ಟ ಪಟ್ಟಿ ಹಳಿಯ ಸೀಳಿನೊಳಗೆ ಇಳಿದು ದಾರಿ ತೋರಿಸಿದರೆ, ಅದರ ಇಕ್ಕೆಲದ ತಾಮ್ರದ ತಂತಿಯ ಹೆಣಿಗೆಗಳು ಹಳಿಯಿಂದ ಸುಮಾರು 12 ವೋಲ್ಟ್ ವಿದ್ಯುತ್ತನ್ನು ಮೋಟಾರಿಗೆ ಒಯ್ಯುತ್ತವೆ. ಹೀಗಾಗಿ ಮುಂಚಕ್ರ ಬಹುಮಟ್ಟಿಗೆ ಅಲಂಕಾರವಷ್ಟೇ. ಹಿತ್ತಾಳೆ ಕೊಳವೆ, ಉಕ್ಕಿನ ತಂತಿಗಳನ್ನು ಬೆಸೆದು ಚಾಸಿಯನ್ನು ಮಾಡಿ, ಸೀಸದ ತುಣುಕುಗಳನ್ನು ಆದಷ್ಟೂ ಕೆಳಗೆ ಅಂಟಿಸಬೇಕು. ಸವಾರನ ಬೊಂಬೆಯನ್ನು ಹಗುರವಾದ ಬಾಲ್ಸಾ ಮರದಲ್ಲಿ ಕೆತ್ತದಿದ್ದರೆ ಗುರುತ್ವಕೇಂದ್ರ ಮೇಲೇರಿ, ಮೊದಲ ತಿರುವಿನಲ್ಲೇ ಗಾಡಿ ಮಗುಚುತ್ತದೆ. ಹಿಂಬದಿಯ ಟೈರನ್ನು ತಿರುಗಿಸುತ್ತ ಉಪ್ಪು ಕಾಗದಕ್ಕೆ ತಾಗಿಸಿ ದುಂಡಗೆ ಮಾಡುವುದು ಬೇಸರದ ಕೆಲಸವಾದರೂ, ನನ್ನ ಅಭಿಪ್ರಾಯದಲ್ಲಿ, ಬಲಿಷ್ಠ ಮೋಟಾರಿಗಿಂತ ಹೆಚ್ಚು ಪ್ರಯೋಜನ ನೀಡುವುದು ಅದೇ.

ತಿರುವುಗಳು ಹೆಚ್ಚಿರುವ ಹಳಿಗೆ ಹಿಂಚಕ್ರದ ಆಕ್ಸಲ್‌ನ ಗಿಯರ್‌ನಲ್ಲಿ ಹಲ್ಲುಗಳು ಹೆಚ್ಚಿರಲಿ. ಗರಿಷ್ಠ ವೇಗ ತಗ್ಗಿದರೂ ಗಾಡಿ ಬೇಗ ವೇಗ ಪಡೆಯುತ್ತದೆ, ಬೇಗ ನಿಲ್ಲುತ್ತದೆ. ಗಾಡಿಯ ಅಡಿಗೆ ಅಯಸ್ಕಾಂತ ಅಂಟಿಸಿ ಹಳಿಯ ಮೇಲೆ ಹಿಡಿತ ಗಳಿಸುವ ಅಡ್ಡದಾರಿಯೂ ಉಂಟು, ಆದರೆ ಅದು ಈ ಶ್ರುತಿಗೊಳಿಸುವ ಕೆಲಸದ ಸೊಗಸನ್ನೇ ಕಳೆಯುತ್ತದೆ.

– ಓರ್ವ ಓದುಗ, ಮೈಸೂರು