ಬೀಳದೆ ಓಡಾಡೋ ಹಾಗೆ ಮಾಡಿ: ಹಿರಿಯ ನಿವಾಸಿಗಳ ಮನವಿ

ಗೆ,
ಮಾನ್ಯ ಆಯುಕ್ತರು ಮತ್ತು ನಮ್ಮ ವಾರ್ಡಿನ ಸದಸ್ಯರು

ಇಂದ,
ಬಡಾವಣೆಯ ಹಿರಿಯ ನಿವಾಸಿಗಳು (ಸಹಿ ಹಾಳೆ ಜೊತೆಗಿದೆ)

ವಿಷಯ: ವಯಸ್ಸಾದವರು ಬೀಳದೆ, ಮೋಸ ಹೋಗದೆ, ಯಾರ ಹಂಗೂ ಇಲ್ಲದೆ ಇರೋಕೆ ಬೇಕಾದ ಕೆಲಸಗಳ ಬಗ್ಗೆ

ಮಾನ್ಯರೇ,

ಅಕ್ಟೋಬರ್ 1 ಹಿರಿಯರ ದಿನ ಅಂತ ನಮ್ಮನ್ನ ಕರೀತೀರಿ, ಸಂತೋಷ. ಆದ್ರೆ ಹೋದ ಸಲ ಸ್ಟೇಜ್ ಹತ್ತೋಕೆ ಇಟ್ಟಿದ್ದ ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಒಂದು ಕಂಬಿನೂ ಇರಲಿಲ್ಲ, ಇಬ್ಬರು ಹುಡುಗರು ನಮ್ಮ ತೋಳು ಹಿಡಿದು ಎಳ್ಕೊಂಡು ಹತ್ತಿಸಿದ್ರು, ಫೋಟೋದಲ್ಲಿ ನೋಡಿದ್ರೆ ಸನ್ಮಾನಕ್ಕೋ ಸ್ಟೇಷನ್ನಿಗೋ ಕರ್ಕೊಂಡು ಹೋಗ್ತಿದಾರೆ ಗೊತ್ತಾಗಲ್ಲ. ಕಂಬಿ ಒಂದಿದ್ರೆ ನಾವೇ ಹತ್ತುತಿದ್ವಿ. ಈ ಮನವಿಯಲ್ಲಿ ಕೇಳ್ತಿರೋದೆಲ್ಲ ಆ ಕಂಬಿಯಂಥದ್ದೇ.

ಮೊದಲು ಬೀಳೋ ವಿಷಯ ಹೇಳ್ತೀವಿ, ಯಾಕಂದ್ರೆ ಉಳಿದಿದ್ದೆಲ್ಲ ಅಲ್ಲಿಂದಾನೇ ಶುರು ಆಗೋದು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ, ಅದ್ರಲ್ಲಿ 60 ದಾಟಿದವರೇ ಜಾಸ್ತಿ. ಸಾಯದೆ ಉಳಿದವರ ಕಥೆ ಬೇರೆ. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ್ರೆ ಇರೋ ಕಾಲಿನ ಶಕ್ತಿನೂ ಇಳಿಯುತ್ತೆ, ಆಪರೇಷನ್ನಿಗೆ ಅಂತ ಕೂಡಿಟ್ಟಿದ್ದು ಖಾಲಿ ಆಗುತ್ತೆ, ಬ್ಯಾಂಕಿಗೆ ಹೋಗೋಕಾಗಲ್ಲ ಅಂತ ಪಾಸ್‌ಬುಕ್ಕು ಕಾರ್ಡು ಬೇರೆಯವರ ಕೈಗೆ ಹೋಗುತ್ತೆ, ಆಮೇಲೆ ನಮ್ಮದೇ ದುಡ್ಡನ್ನ ನಾವು ಕೇಳಿ ಇಸ್ಕೋಬೇಕು. ಆರೋಗ್ಯ, ದುಡ್ಡು, ಸ್ವಾತಂತ್ರ್ಯ ಮೂರಕ್ಕೂ ನಿಮ್ಮಲ್ಲಿ ಬೇರೆ ಬೇರೆ ಇಲಾಖೆ ಇದೆ, ನಮಗೆ ಮಾತ್ರ ಮೂರೂ ಒಂದೇ ಒಡೆದ ಚಪ್ಪಡಿ ಮೇಲೆ ನಿಂತಿರೋದು.

ಫುಟ್‌ಪಾತ್ ಚಪ್ಪಡಿ ಅಲ್ಲಾಡೋದು ಬಿಟ್ಟು, ಮಧ್ಯೆ ಮಧ್ಯೆ ಗೇಟಿಗೆ ಅಂತ ತಗ್ಗು ಮಾಡಿ ಮತ್ತೆ ಎತ್ತರಿಸೋದು ಇದ್ಯಲ್ಲ ಅದು ಕೋಲು ಹಿಡಿದವರಿಗೆ ಬಹಳ ಕಷ್ಟ. ಒಂದೇ ಸಮ ಇರಲಿ. ರ‍್ಯಾಂಪ್ ಹಾಕೋದಾದ್ರೆ 1:12 ಲೆಕ್ಕದಲ್ಲಿ ಹಾಕಿ, ಅಂದ್ರೆ ಒಂದು ಅಡಿ ಏರೋಕೆ 12 ಅಡಿ ಉದ್ದ, ಈಗಿನ ಕೆಲವು ರ‍್ಯಾಂಪ್ ಜಾರುಬಂಡೆ ಥರ ಇದೆ, ಮೊಮ್ಮಕ್ಕಳು ಆಡ್ತಾರೆ. ಮೆಟ್ಟಿಲಿನ ಅಂಚಿಗೆಲ್ಲ ಎದ್ದು ಕಾಣೋ ಬಣ್ಣದ ಪಟ್ಟಿ ಬಳೀಬೇಕು, ಇದಕ್ಕೆ ಒಂದು ಡಬ್ಬ ಪೇಂಟ್ ಸಾಕು. 60ರ ವಯಸ್ಸಿನಲ್ಲಿ ಕಣ್ಣಿನ ಪಾಪೆ ಚಿಕ್ಕದಾಗಿ, ಒಳಗಿನ ಮಸೂರ ಮಂಕಾಗಿ, 20ರ ಹುಡುಗರ ಕಣ್ಣಿಗೆ ಹೋಗೋ ಬೆಳಕಿನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಮಾತ್ರ ಒಳಗೆ ಹೋಗೋದಂತೆ, ಹಾಗಾಗಿ ನಿಮ್ಮ ಎಂಜಿನಿಯರಿಗೆ ಬೀದಿದೀಪ ಸಾಕು ಅನ್ಸಿದ್ರೂ ನಮಗೆ ಅಲ್ಲಿ ಕತ್ತಲೇ.

ಸರ್ಕಲ್ಲಿನ ಸಿಗ್ನಲ್ ಬಗ್ಗೆ. ನಡೆಯೋರು ಸೆಕೆಂಡಿಗೆ 1.2 ಮೀಟರ್ ಹೋಗ್ತಾರೆ ಅಂತ ಇಟ್ಕೊಂಡು ಟೈಮ್ ಸೆಟ್ ಮಾಡೋದು ಬಹಳ ಕಡೆ ರೂಢಿ. ನಮ್ಮಲ್ಲಿ ಎಷ್ಟೋ ಜನ 0.8 ಮೀಟರ್ ಹೋದ್ರೆ ಹೆಚ್ಚು. 12 ಮೀಟರ್ ರಸ್ತೆ ದಾಟೋಕೆ ಲೆಕ್ಕದ ಪ್ರಕಾರ 10 ಸೆಕೆಂಡ್, ನಮಗೆ 15 ಬೇಕು. ಆ ಐದು ಸೆಕೆಂಡ್ ನಾವು ರಸ್ತೆ ಮಧ್ಯದಲ್ಲಿ ಹಾರ್ನ್ ಕೇಳಿಸ್ಕೊಂಡು ನಿಂತಿರ್ತೀವಿ. ಐದು ಸೆಕೆಂಡ್ ಜಾಸ್ತಿ ಕೊಡಿ, ಇಲ್ಲಾಂದ್ರೆ ಮಧ್ಯೆ ನಿಲ್ಲೋಕೆ ಒಂದು ಕಟ್ಟೆ ಕಟ್ಟಿ.

ಇನ್ನೊಂದು ವಿಷಯ ಸಭೆಯಲ್ಲಿ ಹೇಳೋಕೆ ಎಲ್ಲರಿಗೂ ಸಂಕೋಚ, ಅದಕ್ಕೆ ಬರೆದೇ ಹೇಳ್ತಿದೀವಿ. ಟಾಯ್ಲೆಟ್. ದಾರೀಲಿ ಎಲ್ಲೂ ಇಲ್ಲ ಅಂತ ಗೊತ್ತಿರೋದ್ರಿಂದ ಮನೆ ಬಿಡೋ ಮುಂಚೆ ನಮ್ಮಲ್ಲಿ ಅರ್ಧ ಜನ ನೀರೇ ಕುಡಿಯಲ್ಲ, ಅದ್ರಲ್ಲೂ ಹೆಂಗಸರು. ವಯಸ್ಸಾದ್ಮೇಲೆ ಬಾಯಾರಿಕೆ ಆಗೋದೇ ಕಮ್ಮಿ, ಮೇಲೆ ಬಿಪಿ ಮಾತ್ರೆ ಬೇರೆ, ಬಿಸಿಲಲ್ಲಿ ಹತ್ತು ನಿಮಿಷ ನಿಂತು ಕೂತು ಎದ್ರೆ ತಲೆ ಗಿರ್ ಅನ್ನುತ್ತೆ, ಬಿದ್ವಿ. ಆಸ್ಪತ್ರೆ ಚೀಟಿಯಲ್ಲಿ ಕಾಲು ಜಾರಿ ಬಿದ್ದರು ಅಂತ ಬರೀತಾರೆ. ಟಾಯ್ಲೆಟ್ ಇಲ್ಲದೆ ಬಿದ್ದರು ಅಂತ ಯಾರೂ ಬರೆಯಲ್ಲ. ಹಾಗಾಗಿ ಬಸ್ ಸ್ಟಾಪ್ ಮತ್ತು ಪಾರ್ಕ್ ಹತ್ರ ಬೀಗ ಹಾಕದ ಟಾಯ್ಲೆಟ್ ಬೇಕು, ಒಳಗೆ ಗೋಡೆಗೆ ಹಿಡಿಕೆ, ಕೂರೋಕೆ ಕಮೋಡ್. ನೆರಳಲ್ಲಿ ಬೆಂಚೂ ಬೇಕು, ಕೈ ಊರಿ ಏಳೋಕಾಗೋ ಥರದ್ದು, ಈಗಿನ ಗ್ರಾನೈಟ್ ಬೆಂಚಲ್ಲಿ ಕೂರೋದು ಸುಲಭ, ಏಳೋದು ದೇವರಿಗೇ ಪ್ರೀತಿ.

ಪಾರ್ಕಿನಲ್ಲಿ ಜಿಮ್ ಸಾಮಾನು ಹಾಕಿದೀರಿ, ನಾವು ಉಪಯೋಗಿಸ್ತೀವಿ. ಆದ್ರೆ ವಾಕಿಂಗ್ ಒಂದೇ ಸಾಲದು, 65 ದಾಟಿದವರು ವಾರಕ್ಕೆ 150 ನಿಮಿಷ ಮೈ ದಣಿಸೋದರ ಜೊತೆಗೆ ವಾರದಲ್ಲಿ ಮೂರು ದಿನವಾದ್ರೂ ಬ್ಯಾಲೆನ್ಸ್ ಮತ್ತು ಶಕ್ತಿ ಕೂಡೋ ವ್ಯಾಯಾಮ ಮಾಡಬೇಕು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೇಳ್ಕೊಡೋಕೆ ಯಾರಾದ್ರೂ ಒಬ್ಬರನ್ನ ಬೆಳಿಗ್ಗೆ ಕಳಿಸಿ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ದಿನ ನಾವು ನುಂಗೋ ಎಲ್ಲ ಮಾತ್ರೆನೂ ಒಟ್ಟಿಗೆ ಇಟ್ಟು ನೋಡೋ ಏರ್ಪಾಡು ಮಾಡಿ, ನಿದ್ರೆ ಮಾತ್ರೆ ಒಬ್ಬ ಡಾಕ್ಟರು ಬಿಪಿ ಮಾತ್ರೆ ಇನ್ನೊಬ್ಬ ಡಾಕ್ಟರು ಕೊಟ್ಟಿರ್ತಾರೆ, ಎರಡೂ ಸೇರಿ ತಲೆ ಸುತ್ತಿಸೋದು ಇಬ್ಬರಿಗೂ ಗೊತ್ತಿರಲ್ಲ.

ದುಡ್ಡಿನ ವಿಷಯಕ್ಕೆ ಬಂದ್ರೆ, ನಿಮ್ಮ ಕಚೇರಿಯಲ್ಲಿ ತೆರಿಗೆ ಕಟ್ಟೋ ಕೌಂಟರ್ ಮುಚ್ಚಿ ಮೊಬೈಲಲ್ಲೇ ಕಟ್ಟಿ ಅಂತ ಬೋರ್ಡ್ ಹಾಕ್ತೀರಿ ಅಂತ ಸುದ್ದಿ ಇದೆ. ದಯವಿಟ್ಟು ಬೇಡ. ಮೊಬೈಲ್ ಕಲಿಯಲ್ಲ ಅಂತ ನಾವು ಹಟ ಮಾಡ್ತಿಲ್ಲ, ಕಲಿಸೋರಿದ್ರೆ ಕಲೀತೀವಿ, ಆದ್ರೆ ಕೌಂಟರ್ ಇಲ್ಲದಾಗ ನಾವು ಓಟಿಪಿ ಹೇಳಿ ಪಕ್ಕದವರ ಕೈಲಿ ಕಟ್ಟಿಸ್ತೀವಿ, ಓಟಿಪಿ ಯಾರಿಗೂ ಹೇಳಬೇಡಿ ಅಂತ ನೀವೇ ಜಾಗೃತಿನೂ ಮಾಡಿಸ್ತೀರಿ. ಬೆರಳಚ್ಚಿನ ಮಷಿನ್ನೂ ಅಷ್ಟೇ, ವಯಸ್ಸಾಗ್ತಾ ಬೆರಳಿನ ಗೆರೆ ಸವೆಯುತ್ತೆ, ಮಷಿನ್ ನಮ್ಮನ್ನ ಗುರುತು ಹಿಡಿಯಲ್ಲ, ಆಗ ಬದುಕಿರೋ ಮನುಷ್ಯನ್ನ ಎದುರಿಗೆ ನಿಲ್ಲಿಸ್ಕೊಂಡು ನೀವು ಅವರಲ್ಲ ಅಂತ ಹೇಳೋದು ಬಿಟ್ಟು ಬೇರೆ ದಾಖಲೆ ನೋಡಿ ಕೆಲಸ ಮುಗಿಸೋಕೆ ಸಿಬ್ಬಂದಿಗೆ ಅಧಿಕಾರ ಕೊಡಿ.

ಮೋಸ ಬರೀ ಫೋನಿನಲ್ಲಿ ಬರೋದಲ್ಲ. 60 ದಾಟಿದ ಆರು ಜನರಲ್ಲಿ ಒಬ್ಬರು ವರ್ಷದಲ್ಲಿ ಒಂದಲ್ಲ ಒಂದು ಥರದ ದೌರ್ಜನ್ಯ ಅನುಭವಿಸಿರ್ತಾರೆ, ಬೈಗುಳದಿಂದ ಹಿಡಿದು ದುಡ್ಡು ಕಿತ್ಕೊಳ್ಳೋವರೆಗೆ, ಮಾಡೋರು ಎಷ್ಟೋ ಸಲ ಮನೆಯವರೇ. ಎಲ್ಲ ಮಕ್ಕಳೂ ಹಾಗಲ್ಲ, ನಮ್ಮಲ್ಲಿ ಬಹಳ ಜನಕ್ಕೆ ಮಕ್ಕಳೇ ಆಧಾರ. ಆದ್ರೆ ಮನೆ ಬರೆದುಕೊಟ್ಟು ಆಮೇಲೆ ಅದೇ ಮನೆಯ ಹಿಂದಿನ ರೂಮಿಗೆ ಬಂದವರೂ ಈ ಸಹಿ ಹಾಳೆಯಲ್ಲಿ ಇದಾರೆ, ಯಾರು ಅಂತ ಕೇಳಬೇಡಿ. ಸಹಿ ಹಾಕೋ ಮುಂಚೆ ಕೇಳೋಕೆ ಒಬ್ಬ ವಕೀಲರು ವಾರಕ್ಕೊಂದು ಮಧ್ಯಾಹ್ನ ವಾರ್ಡ್ ಕಚೇರಿಯಲ್ಲಿ ಫ್ರೀಯಾಗಿ ಸಿಗೋ ಹಾಗೆ ಮಾಡಿ, ಬಾಗಿಲು ಹಾಕೋ ರೂಮಿನಲ್ಲಿ.

ಇದೆಲ್ಲ ನಾವೇ ಹುಟ್ಟು ಹಾಕಿದ್ದಲ್ಲ. 2007ರಲ್ಲೇ 22 ದೇಶದ 33 ನಗರಗಳಲ್ಲಿ ವಯಸ್ಸಾದವರನ್ನ ಕೂರಿಸಿ ಕೇಳಿ ಹಿರಿಯಸ್ನೇಹಿ ನಗರ ಹೇಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗದರ್ಶಿ ತಂದಿದೆ, ಅಲ್ಲಿನವರು ಕೇಳಿದ್ದೂ ಬೆಂಚು, ಟಾಯ್ಲೆಟ್ಟು, ಫುಟ್‌ಪಾತೇ.

ಎಲ್ಲ ಒಟ್ಟಿಗೆ ಆಗಲ್ಲ ಅಂತ ಗೊತ್ತು. ಮೊದಲಿಗೆ ನಿಮ್ಮ ಎಂಜಿನಿಯರನ್ನ ಒಂದು ಸಂಜೆ ದೀಪ ಹತ್ತೋ ಹೊತ್ತಿಗೆ ಕಳಿಸಿ, ಪಾರ್ಕಿನಿಂದ ನಿಮ್ಮ ಕಚೇರಿವರೆಗೆ ನಮ್ಮ ಸ್ಪೀಡಲ್ಲೇ ನಮ್ಮ ಜೊತೆ ನಡೀಲಿ, ಕೈಲೊಂದು ಚೀಲ ಹಿಡ್ಕೊಂಡು. ಎಲ್ಲೆಲ್ಲಿ ಏನು ಆಗಬೇಕು ಅಂತ ಅವರೇ ಬರ್ಕೋತಾರೆ. ಯಾವ ದಿನ ಅಂತ 15 ದಿನದ ಒಳಗೆ ತಿಳಿಸಿ.

ಇಂತಿ ವಂದನೆಗಳೊಂದಿಗೆ,
ಬಡಾವಣೆಯ ಹಿರಿಯ ನಿವಾಸಿಗಳು

ವಿ.ಸೂ: ಉತ್ತರನ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಸಿ. ಹೋದ ಸಲದ ಪತ್ರನ ಓದಿಸ್ಕೊಳ್ಳೋಕೆ ಎರಡನೇ ಕ್ರಾಸಿನ ಹುಡುಗನ್ನ ಕರೀಬೇಕಾಯ್ತು.